ಆಡಿದ ಆಟದ ಬೆಲೆ

ಹಳೆಯ ಪುಸ್ತಕದ ಅಂಗಡಿಯಲ್ಲಿ ಇಡೀ ಮಧ್ಯಾಹ್ನವನ್ನು ಕಳೆದು ಬರುವವನನ್ನು ಲೋಕವು ಕ್ಷಮಿಸುತ್ತದೆ. ಹಳೆಯ ನಾಣ್ಯ, ಅಂಚೆಚೀಟಿ, ಹಿತ್ತಾಳೆಯ ದೀಪ ಇವುಗಳನ್ನು ಕೂಡಿಡುವವನಿಗಂತೂ ರಸಿಕನೆಂಬ ಬಿರುದೇ ದೊರೆಯುವುದು. ಆದರೆ ನಲವತ್ತು ದಾಟಿದ, ಮಕ್ಕಳೊಂದಿಗನಾದ, ಒಳ್ಳೆಯ ಉದ್ಯೋಗದಲ್ಲಿರುವ ಗೃಹಸ್ಥನೊಬ್ಬನು ಮೊಣಕಾಲೂರಿ ಕುಳಿತು, ಪ್ಲಾಸ್ಟಿಕ್ ಬುಟ್ಟಿಯೊಂದರಲ್ಲಿ ಕೈಯಾಡಿಸುತ್ತ, ಮೂವತ್ತೈದು ವರ್ಷಗಳ ಹಿಂದೆ ಯಾರದೋ ಮಕ್ಕಳು ಆಡಿ ಬಿಸುಟ ವಿಡಿಯೋ ಆಟಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರೆ, ಅವನಿಗೆ ಯಾವ ಹೆಸರನ್ನಿಡಬೇಕೆಂಬುದು ಕನ್ನಡಿಗರಿಗೆ ಇನ್ನೂ ತೋಚಿದಂತಿಲ್ಲ. ಅವನ ಮನೆಯವರು ಇಟ್ಟಿರುವ ಹೆಸರು ಅಚ್ಚಿಗೆ ಯೋಗ್ಯವಾದುದಲ್ಲ. ಇಲ್ಲಿ ಅವನನ್ನು ಬೇಟೆಗಾರನೆಂದು ಕರೆದರೆ ಸಾಕು. ತನ್ನನ್ನು ತಾನು ಅವನು ಕರೆದುಕೊಳ್ಳುವುದೂ ಹೀಗೆಯೇ.

ಈ ಬೇಟೆಗೆ ಮುಖ್ಯವಾದ ಕಾಡು ಜಪಾನು ದೇಶ. ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಹೂಚಿತ್ರದ ಇಸ್ಪೀಟೆಲೆಗಳನ್ನು ತಯಾರಿಸಲು ಹುಟ್ಟಿಕೊಂಡ ನಿಂಟೆಂಡೊ ಎಂಬ ಸಂಸ್ಥೆಯು ೧೯೮೩ರ ಜುಲೈ ೧೫ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಕೆಂಪು ಬಿಳಿ ಬಣ್ಣದ ಯಂತ್ರವೊಂದನ್ನು ಮಾರಾಟಕ್ಕೆ ಬಿಟ್ಟಿತು. ಅದನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ, ನೆತ್ತಿಯ ಸೀಳಿನಲ್ಲಿ ಒಂದೊಂದು ಆಟದ ಕ್ಯಾಸೆಟ್ಟನ್ನು ಸಿಕ್ಕಿಸಿ ಆಡಬೇಕು. ಕ್ಯಾಸೆಟ್ಟೆಂದರೆ ಹಾಡಿನ ಸುರುಳಿಯಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ತೆಳುವಾದ ಹಲಗೆ, ಹಲಗೆಯ ಮೇಲೆ ಆಟವನ್ನು ಅಳಿಯದಂತೆ ಅಚ್ಚೊತ್ತಿದ ಒಂದೆರಡು ಸಿಲಿಕಾನ್ ಚಿಪ್. ಆದರೂ ಜಪಾನಿನ ಮಕ್ಕಳು ಅದನ್ನು ಕಾಸೆಟ್ಟೋ ಎಂದೇ ಕರೆದರು. ಬೆಂಗಳೂರು ಮೈಸೂರುಗಳ ಮಕ್ಕಳೂ ಯಾರನ್ನೂ ಕೇಳದೆ ಕ್ಯಾಸೆಟ್ಟೆಂದೇ ಕರೆದರು. ಅಮೆರಿಕನ್ನರು ಮಾತ್ರ ತೋಟಾ ಎಂಬ ಅರ್ಥವೂ ಬರುವ ಕಾರ್ಟ್ರಿಜ್ ಎಂಬ ಪದವನ್ನು ಆರಿಸಿಕೊಂಡರು.

ಟೋಕಿಯೋದ ಅಕಿಹಾಬರಾ, ಒಸಾಕಾದ ನಿಪ್ಪೊಂಬಾಶಿ ಈ ಎರಡು ಪೇಟೆಗಳು ಯುದ್ಧಾನಂತರದಲ್ಲಿ ರೇಡಿಯೋ ಸಾಮಾನಿನ ಅಂಗಡಿಗಳಿಂದ ಬೆಳೆದುವು. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಲ್ಲಿ ತಂತಿ, ಬೆಸುಗೆ ಕಡ್ಡಿ, ಬಿಡಿಭಾಗಗಳ ನಡುವೆ ಅಡ್ಡಾಡಿದವರಿಗೆ ಅಲ್ಲಿಯ ಇಕ್ಕಟ್ಟೂ ಸದ್ದೂ ಹೊಸದೆನಿಸಲಾರದು. ಅಕಿಹಾಬರಾದಲ್ಲಿ ಸೂಪರ್ ಪೊಟೇಟೊ ಎಂಬ ವಿಚಿತ್ರ ಹೆಸರಿನ ಅಂಗಡಿಯೊಂದಿದೆ. ಮಹಡಿಯ ಮೇಲೆ ಮಹಡಿಯಾಗಿ ಹಳೆಯ ಆಟಗಳನ್ನು ಒಟ್ಟಿದ್ದಾರೆ. ಪ್ರವಾಸಿಗರೆಲ್ಲರೂ ಅಲ್ಲಿಗೆ ಹೋಗುತ್ತಾರೆ, ಆದುದರಿಂದಲೇ ನುರಿತ ಬೇಟೆಗಾರನು ಅಲ್ಲಿಗೆ ಹೋಗುವುದಿಲ್ಲ. ಹೋದರೂ ನೋಡಿ ಬರುತ್ತಾನೆ. ೨೦೨೨ರಿಂದೀಚೆಗೆ ಯೆನ್ನಿನ ಬೆಲೆ ಕುಸಿದು ಪರದೇಶಗಳ ಕೊಳ್ಳುವವರು ಪೆಟ್ಟಿಗೆ ಪೆಟ್ಟಿಗೆಯಾಗಿ ಹೊತ್ತುಕೊಂಡು ಹೋಗಲಾರಂಭಿಸಿದ ಮೇಲೆ ಅಂಥ ಬೀದಿಗಳಲ್ಲಿ ಧಾರಣೆ ಬಹಳ ಏರಿತು. ಬಲ್ಲವರು ರೈಲು ಹತ್ತಿ ಊರಾಚೆಗೆ ಹೋಗುವರು. ಅಲ್ಲಿ ನೀಗಾತಾ ಪ್ರಾಂತದಲ್ಲಿ ಹುಟ್ಟಿ ದೇಶವನ್ನೆಲ್ಲ ವ್ಯಾಪಿಸಿದ ಹಾರ್ಡ್ ಆಫ್ ಎಂಬ ಹಳೆಯ ಸಾಮಾನಿನ ಅಂಗಡಿಗಳಿವೆ. ಅವುಗಳ ಒಂದು ಮೂಲೆಯಲ್ಲಿ ‘ಜಂಕ್’ ಎಂಬ ಬುಟ್ಟಿಗಳು. ಜಂಕ್ ಎಂದರೆ ಕಸವೆಂದೇ ಅರ್ಥವಲ್ಲ. ‘ನಡೆದರೆ ನಿಮ್ಮ ಪುಣ್ಯ, ನಡೆಯದಿದ್ದರೆ ಹಿಂದಕ್ಕೆ ತರಬೇಡಿ’ ಎಂದರ್ಥ. ಮದುವೆಯ ದಲ್ಲಾಳಿಗಳಿಗೂ ಇಷ್ಟು ಪ್ರಾಮಾಣಿಕತೆಯಿದ್ದರೆ ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುತ್ತಿದ್ದುವು.

ಬುಟ್ಟಿಯ ಮುಂದೆ ಕುಳಿತವನ ವಿದ್ಯೆ ಸಾಮಾನ್ಯವಾದುದಲ್ಲ. ಚೀಟಿಯ ಬಣ್ಣ ಹೊಸದಾಗಿ ಮಿರುಗುತ್ತಿದ್ದರೆ ಅದು ಕೃತಕವೆಂದು ಸಂದೇಹಪಡುವನು. ತಿರುಪನ್ನು ಬಿಚ್ಚಲು ೩.೮ ಮಿಲಿಮೀಟರಿನ ವಿಶೇಷ ಬಾಯಿಯ ಉಪಕರಣವೇ ಬೇಕಾದ ಕ್ಯಾಸೆಟ್ಟುಗಳುಂಟು, ಮನೆಗೆ ತಂದು ಅದನ್ನು ಬಿಚ್ಚಿ ಹಲಗೆಯ ಮೇಲಣ ಗುರುತನ್ನು ಓದಿದ ಹೊರತು ಅವನಿಗೆ ಸಮಾಧಾನವಿಲ್ಲ. ಹಿತ್ತಾಳೆಯಂತೆ ಮಂಕಾದ ಸಂಪರ್ಕಗಳನ್ನು ಮದ್ಯಸಾರದಿಂದ ಒರಸಿದರೆ ಸತ್ತಂತಿದ್ದ ಹತ್ತು ಆಟಗಳಲ್ಲಿ ಎಷ್ಟೋ ಕಣ್ತೆರೆಯುವುವು. ಬಾಯಿಂದ ಉಫ್ ಎಂದು ಊದುವ ಮಂತ್ರವೊಂದಿತ್ತು. ಟೋಕಿಯೋದಿಂದ ನ್ಯೂಯಾರ್ಕಿನವರೆಗೆ, ಅಲ್ಲಿಂದ ದಾವಣಗೆರೆಯವರೆಗೆ, ಒಬ್ಬರಿಗೊಬ್ಬರು ಕಲಿಸದೆ ಮಕ್ಕಳೆಲ್ಲ ಅದನ್ನು ಬಲ್ಲರು. ಉಸಿರಿನ ತೇವದಿಂದ ಲೋಹಕ್ಕೆ ಕಿಲುಬು ಹತ್ತುವುದೆಂದು ತಯಾರಕರೇ ಅದನ್ನು ಬೇಡವೆಂದಿದ್ದರು. ಗುಣ ಕಾಣುತ್ತಿದ್ದುದು ಊದಿದುದರಿಂದಲ್ಲ, ತೆಗೆದು ಮತ್ತೆ ಹಾಕಿದುದರಿಂದ. ಇನ್ನು ಯಂತ್ರಗಳ ಬಿಳಿಯ ಮೈ ಕಾಲಕ್ರಮದಲ್ಲಿ ಹಳೆಯ ದಂತದಂತೆ ಹಳದಿಯಾಗುವುದು. ಬೆಂಕಿ ತಾಗದಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಸಂಯುಕ್ತಗಳಿಗೂ ಬೆಳಕಿಗೂ ಕೂಡಿಬಾರದುದೇ ಇದಕ್ಕೆ ಕಾರಣವೆಂದು ಹೇಳುವರು. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ಬಿಸಿಲಿಗಿಟ್ಟರೆ ಮರಳಿ ಬೆಳ್ಳಗಾಗುತ್ತದೆ. ಕೆಲವು ಕಾಲದ ಮೇಲೆ ಮತ್ತೆ ಹಳದಿಯಾಗುವುದೂ ಉಂಟು. ಕೂದಲಿಗೆ ಬಣ್ಣ ಹಚ್ಚುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕನ್ನಡನಾಡಿನ ಬೇಟೆಗಾರನಿಗೆ ಇನ್ನೊಂದು ತೊಡಕುಂಟು. ೧೯೯೦ರ ದಶಕದಲ್ಲಿ ಇಲ್ಲಿಯ ಮನೆಗಳಿಗೆ ಬಂದುದು ಬಹುಮಟ್ಟಿಗೆ ಆ ಜಪಾನೀ ಯಂತ್ರದ ಅನುಕರಣಗಳು. ಒಂದೇ ಕ್ಯಾಸೆಟ್ಟಿನ ಮೇಲೆ ‘೯೯೯೯ ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಎಣಿಸಿದರೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಸಾಲಾಗಿ ನಿಂತಿರುತ್ತಿದ್ದುವು. ಆದುದರಿಂದ ಇವನು ಜಪಾನಿಗೆ ಹೋಗಿ ಅಸಲು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದಾಗ ಅವನಿಗಾಗುವುದು ಪುನರ್ದರ್ಶನವಲ್ಲ. ಚಿಕ್ಕಂದಿನಲ್ಲಿ ನಾಟಕದ ಕಂಪೆನಿಯ ಪರದೆಯ ಮೇಲೆ ಕಂಡ ಅರಮನೆಯನ್ನು ಕಲ್ಲಿನಲ್ಲಿ ಕಂಡಂತೆ. ಹೊತ್ತು ತಂದ ಮೇಲೆ ಆ ಅರಮನೆಯೂ ಸುಮ್ಮನೆ ಬಾಗಿಲು ತೆರೆಯುವುದಿಲ್ಲ. ಜಪಾನಿನ ವಿದ್ಯುತ್ತು ೧೦೦ ವೋಲ್ಟಿನದು. ಇಲ್ಲಿಯ ೨೩೦ ವೋಲ್ಟಿಗೆ ನೇರವಾಗಿ ಚುಚ್ಚಿದವನು ಒಂದು ಕ್ಷಣದಲ್ಲಿ ಹೊಗೆಯನ್ನು ಕಾಣುವನು. ಮೊದಲ ಯಂತ್ರವು ಚಿತ್ರವನ್ನು ಕಳುಹುವುದು ಜಪಾನಿನ ಪ್ರಸಾರದ ಅಲೆಗಳಿಗೆ ಹೊಂದಿದ ತಂತಿಯ ಮೂಲಕ. ಇಲ್ಲಿಯ ಟೆಲಿವಿಷನ್ನಿಗೆ ಅದು ಅರ್ಥವಾಗದು. ಅದನ್ನು ತಿದ್ದಲು ಬೆಸುಗೆ ಬಲ್ಲವರ ಬಾಗಿಲಿಗೆ ಹೋಗಬೇಕು.

ಇಷ್ಟೆಲ್ಲ ಪಾಡುಪಟ್ಟು ಹುಡುಕುವ ವಸ್ತುವಿಗೆ ಬೆಲೆ ಬರುವುದು ಹೇಗೆ ಎಂಬುದೇ ವಿಚಾರಯೋಗ್ಯವಾದ ಮಾತು. ಆಟ ಚೆನ್ನಾಗಿದ್ದರೆ ಬೆಲೆ ಹೆಚ್ಚು ಎಂದು ಮುಗ್ಧನು ತಿಳಿದಾನು. ಪೇಟೆಯ ನ್ಯಾಯ ಹಾಗಿಲ್ಲ. ಅಮೆರಿಕದಲ್ಲಿ ೧೯೮೭ರಲ್ಲಿ ಬಾಂಡೈ ಎಂಬ ಸಂಸ್ಥೆ ‘ಸ್ಟೇಡಿಯಂ ಈವೆಂಟ್ಸ್’ ಎಂಬ ಓಟದ ಆಟವನ್ನು ಹೊರತಂದಿತು. ನೆಲದ ಮೇಲೆ ಹಾಸಿದ ಚಾಪೆಯನ್ನು ತುಳಿದು ಆಡುವಂಥದು. ನಿಂಟೆಂಡೊ ಆ ಚಾಪೆಯ ಹಕ್ಕನ್ನು ಕೊಂಡು, ಹಳೆಯ ಪ್ರತಿಗಳು ಅಂಗಡಿಗಳಿಂದ ಮಾಯವಾದ ಮೇಲೆ ಅದೇ ಆಟವನ್ನು ಬೇರೆ ಹೆಸರಿನಿಂದ ಮಾರಿತು. ಬೇರೆ ಹೆಸರಿನ ಆ ಆಟ ಇಂದಿಗೂ ಕೆಲವೇ ಡಾಲರುಗಳಿಗೆ ಸಿಕ್ಕುತ್ತದೆ. ಮೊದಲ ಹೆಸರಿನದೋ? ೨೦೧೩ರಲ್ಲಿ ಉತ್ತರ ಕೆರೊಲಿನಾ ಪ್ರಾಂತದ ಮಹಿಳೆಯೊಬ್ಬರು ಧರ್ಮಾರ್ಥದ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದರ ಒಂದು ಪ್ರತಿಯನ್ನು ಸುಮಾರು ೮ ಡಾಲರಿಗೆ ಕೊಂಡು ೨೫,೦೦೦ ಡಾಲರಿಗೆ ಮಾರಿದರು. ಆಟ ಒಂದೇ, ಓಟ ಒಂದೇ, ಚಾಪೆಯೂ ಒಂದೇ. ಚೀಟಿ ಮಾತ್ರ ಬೇರೆ.

ಈ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಂತೆಲ್ಲ ಬೇಟೆಯ ನೀತಿಯೂ ಕಲುಷಿತವಾಯಿತು. ಅಂಗಳದಲ್ಲಿ ಮೇಜು ಹಾಕಿ ಮನೆಯ ಹಳೆಯ ವಸ್ತುಗಳನ್ನು ಮಾರುವುದು ಅಮೆರಿಕದ ಒಂದು ಪದ್ಧತಿ. ಮಗ ಬೆಳೆದು ದೂರ ಹೋಗಿರುವನು; ಮುದುಕಿಯೊಬ್ಬಳು ಅವನ ಆಟಗಳ ಪೆಟ್ಟಿಗೆಯನ್ನು ಹೊರಗಿಟ್ಟು ‘ಎಲ್ಲಕ್ಕೂ ೨೦ ಡಾಲರು’ ಎನ್ನುವಳು. ಅದರಲ್ಲಿ ಒಂದೇ ಆಟಕ್ಕೆ ೩೦೦ ಡಾಲರು ಬರುವುದೆಂದು ಬಲ್ಲವನು ಏನು ಮಾಡಬೇಕು? ಅವನಿಗೆ ತಿಳಿದಿರುವುದು ಅವನ ವರ್ಷಗಳ ಶ್ರಮದಿಂದ ಬಂದ ವಿದ್ಯೆ, ಅದಕ್ಕೆ ಕೂಲಿ ಸಲ್ಲಬೇಕು ಎನ್ನುವವರುಂಟು. ಹಳೆಯ ಪುಸ್ತಕದ ವ್ಯಾಪಾರಿಗಳೂ ನೂರು ವರ್ಷಗಳಿಂದ ಹೀಗೆಯೇ ವಾದಿಸಿದ್ದಾರೆ. ಆದರೆ ಮಾರುವವಳು ಅಂಗಡಿಯವಳಲ್ಲ ಎಂಬುದನ್ನು ಈ ವಾದ ಮರೆಯುತ್ತದೆ. ಕೇಳಿದ ಬೆಲೆಗಿಂತ ಹೆಚ್ಚನ್ನು ತಾನಾಗಿ ಕೊಟ್ಟು ಬರುವ ಬೇಟೆಗಾರರೂ ಇದ್ದಾರೆ. ಅವರು ವಿರಳ, ಸ್ಟೇಡಿಯಂ ಈವೆಂಟ್ಸಿಗಿಂತಲೂ ವಿರಳ. ಈಗ ಆ ಮುದುಕಿಯ ಕೈಯಲ್ಲಿಯೂ ಫೋನಿದೆ, ಈಚಿನ ಮಾರಾಟಗಳ ಧಾರಣೆಯನ್ನು ಅವಳೂ ನೋಡಬಲ್ಲಳು. ಪ್ರಶ್ನೆಯನ್ನು ಧರ್ಮಶಾಸ್ತ್ರ ಬಿಡಿಸಲಿಲ್ಲ, ಯಂತ್ರ ಬಿಡಿಸಿತು. ಆದರೆ ಅವಳಿಗೆ ಕಾಣುವುದು ಅತ್ಯುತ್ತಮ ಸ್ಥಿತಿಯ ಪ್ರತಿಯ ಬೆಲೆ. ಕೈಯಲ್ಲಿರುವುದು ಮೂಲೆ ಸವೆದ ಪ್ರತಿ. ಹೀಗಾಗಿ ಇಬ್ಬರೂ ಬರಿಗೈಯಲ್ಲಿ ಉಳಿಯುವುದೇ ಹೆಚ್ಚು.

ವಿರಳತೆಗೆ ಬೆಲೆ ಬರುವುದನ್ನಾದರೂ ಒಪ್ಪಬಹುದು. ಆದರೆ ೨೦೨೧ರಲ್ಲಿ ನಡೆದುದು ಬೇರೆಯೇ ಬಗೆ. ಆ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಬಿಚ್ಚದ ಪ್ರತಿಯೊಂದು ೬,೬೦,೦೦೦ ಡಾಲರಿಗೆ ಹೋಯಿತು. ೧೯೮೬ರಲ್ಲಿ ಯಾರೋ ಕ್ರಿಸ್‌ಮಸ್ ಉಡುಗೊರೆಗೆಂದು ಕೊಂಡು, ಮೇಜಿನ ಸೆಳೆಖಾನೆಯಲ್ಲಿಟ್ಟು, ಮರೆತುಬಿಟ್ಟಿದ್ದ ಪ್ರತಿ ಅದು. ಜುಲೈ ತಿಂಗಳಲ್ಲಿ ೧೯೯೬ರ ‘ಸೂಪರ್ ಮಾರಿಯೋ ೬೪’ ಆಟದ ಪ್ರತಿಯೊಂದಕ್ಕೆ ೧೫,೬೦,೦೦೦ ಡಾಲರು ಬಂದಿತು. ಇದು ಒಂದು ಕೋಟಿಗೂ ಮೀರಿ ಮಾರಾಟವಾದ ಆಟ. ಅಗಸೆ ಬಾಗಿಲಲ್ಲಿ ಬಿದ್ದಿರುವ ಕಲ್ಲಿನಷ್ಟು ಸುಲಭವಾಗಿ ಸಿಕ್ಕುವಂಥದು. ಅಷ್ಟು ಹಣ ಸಂದುದು ಆಟಕ್ಕಲ್ಲ, ಮೇಲಣ ತೆಳುವಾದ ಪ್ಲಾಸ್ಟಿಕ್ ಹೊದಿಕೆಗೆ. ಪರೀಕ್ಷಕರು ಅದನ್ನು ನೋಡಿ ೧೦ಕ್ಕೆ ೯.೮ ಅಂಕವನ್ನು ಕೊಟ್ಟು, ಪಾರದರ್ಶಕವಾದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬಿಗಿದಿದ್ದರು. ಅದನ್ನು ತೆರೆದ ಕ್ಷಣವೇ ಹದಿನೈದು ಲಕ್ಷ ಡಾಲರು ಗಾಳಿಗೆ ಹೋಗುವುದು. ಆದುದರಿಂದ ಅದನ್ನು ಯಾರೂ ಎಂದಿಗೂ ಆಡುವಂತಿಲ್ಲ. ೧೯೮೬ರ ಆ ಉಡುಗೊರೆಯನ್ನು ಪಡೆಯಬೇಕಾಗಿದ್ದ ಮಗುವಿಗೆ ಬದಲಾಗಿ ಏನು ಸಿಕ್ಕಿತೋ, ಹರಾಜಿನ ಪಟ್ಟಿ ಹೇಳುವುದಿಲ್ಲ.

ಆಡದ ಆಟಕ್ಕೆ ಬೆಲೆ ಬಂದಂತೆ ಹೂತ ಆಟಕ್ಕೂ ಬಂದಿದೆ. ೧೯೮೩ರ ಸೆಪ್ಟೆಂಬರಿನಲ್ಲಿ ಅಟಾರಿ ಎಂಬ ಅಮೆರಿಕನ್ ಸಂಸ್ಥೆಯು ಮಾರಾಟವಾಗದೆ ಉಳಿದ ಸರಕನ್ನು ನ್ಯೂ ಮೆಕ್ಸಿಕೋದ ಅಲಮಗೋರ್ಡೊ ಊರಿನ ಕಸದ ಹಳ್ಳದಲ್ಲಿ ಹೂಳಿಸಿತು. ಅದರಲ್ಲಿ ‘ಇ. ಟಿ.’ ಎಂಬ ಚಲನಚಿತ್ರವನ್ನನುಸರಿಸಿ ಸುಮಾರು ಐದು ವಾರಗಳಲ್ಲಿ ಅವಸರದಿಂದ ಬರೆಯಿಸಿದ ಆಟವೂ ಇತ್ತು. ೨೦೧೪ರ ಏಪ್ರಿಲ್ ೨೬ರಂದು ಆ ಹಳ್ಳವನ್ನು ಅಗೆದು ಸುಮಾರು ೧,೩೦೦ ಕ್ಯಾಸೆಟ್ಟುಗಳನ್ನು ಮೇಲೆತ್ತಿದರು. ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯವನ್ನು ಸೇರಿತು. ಎಂಟುನೂರಕ್ಕೂ ಮಿಕ್ಕವನ್ನು ಊರಿನವರು ಹರಾಜಿಗಿಟ್ಟು ಒಂದು ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಪಡೆದರು. ಅಂಗಡಿಯಲ್ಲಿ ಹೊಸದಾಗಿ ಹೊಳೆಯುತ್ತಿದ್ದಾಗ ಯಾರೂ ಮುಟ್ಟದ ಆಟವನ್ನು, ಜಜ್ಜಿಹೋಗಿ ಕಸದ ನಾತ ಹೊಡೆಯುತ್ತಿದ್ದಾಗ ಜನರು ಸ್ಪರ್ಧೆಯಿಂದ ಕೊಂಡರು. ಸತ್ತ ಮೇಲೆ ಸನ್ಮಾನವೆಂಬುದು ಕವಿಗಳಿಗೆ ಮಾತ್ರ ಮೀಸಲೆಂದು ತಿಳಿದಿದ್ದವರು ಇದನ್ನು ಗಮನಿಸತಕ್ಕದ್ದು.

ಇವೆಲ್ಲ ಹಣವಂತರ ವಿನೋದ, ಹಾಳಾಗಲಿ ಎಂದು ಬಿಟ್ಟುಬಿಡಬಹುದಿತ್ತು. ಹಾಗೆ ಬಿಡಲಾಗದಿರುವುದಕ್ಕೆ ಕಾರಣವೊಂದಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆಯು ೨೦೨೩ರಲ್ಲಿ ಪರಿಶೀಲನೆ ನಡೆಸಿ, ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಈಗ ಹೊಸದಾಗಿ ಎಲ್ಲಿಯೂ ಮಾರಾಟಕ್ಕಿಲ್ಲವೆಂದು ಕಂಡುಕೊಂಡಿತು. ಅಚ್ಚು ನಿಂತ ಪುಸ್ತಕವಾದರೆ ಪುಸ್ತಕಾಲಯದಲ್ಲಿ ಉಳಿಯುವುದು. ಹಳೆಯ ಆಟಗಳನ್ನು ದೂರದ ಸಂಶೋಧಕರಿಗೆ ಜಾಲದ ಮೂಲಕ ಎರವಲು ಕೊಡಲು ಪುಸ್ತಕಾಲಯಗಳು ಕೇಳಿದ ಅನುಮತಿಯನ್ನು ಅಮೆರಿಕದ ಕೃತಿಸ್ವಾಮ್ಯದ ಕಚೇರಿಯು ೨೦೨೪ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಆಟವನ್ನು ತಂತಿಯ ಮೂಲಕವೇ ಮಾರುವ ಅಂಗಡಿಗಳಾದರೂ ಶಾಶ್ವತವಲ್ಲ. ನಿಂಟೆಂಡೊ ತನ್ನ ಎರಡು ಯಂತ್ರಗಳ ಅಂಥ ಅಂಗಡಿಗಳನ್ನು ೨೦೨೩ರ ಮಾರ್ಚ್ ೨೭ರಂದು ಮುಚ್ಚಿತು. ಅಲ್ಲಿ ಕೊಂಡುದನ್ನು ಇನ್ನೊಬ್ಬರಿಗೆ ಮಾರುವ ಹಾಗೂ ಇಲ್ಲ. ಹೀಗಿರುವಲ್ಲಿ ಹಳೆಯ ಆಟವೊಂದನ್ನು ನ್ಯಾಯವಾಗಿ ಪಡೆಯಬೇಕೆನ್ನುವ ಸಾಮಾನ್ಯನಿಗೆ ಅನೇಕ ವೇಳೆ ಉಳಿದಿರುವುದು ಆ ಜಂಕ್ ಬುಟ್ಟಿಯೊಂದೇ.

ಆ ಬುಟ್ಟಿಯೂ ನ್ಯಾಯಾಲಯದ ಕೃಪೆಯಿಂದ ಉಳಿದುದು. ಹಳೆಯ ಆಟಗಳ ಮರುಮಾರಾಟದಿಂದ ತಮಗೆ ನಷ್ಟವೆಂದು ಜಪಾನಿನ ಆಟದ ತಯಾರಕರು ಅಂಗಡಿಗಳ ಮೇಲೆ ವ್ಯಾಜ್ಯ ಹೂಡಿದ್ದರು. ಆಟವು ಚಲನಚಿತ್ರಕ್ಕೆ ಸಮಾನ, ಚಲನಚಿತ್ರದ ಹಂಚಿಕೆಯ ಹಕ್ಕು ಅದರ ಕರ್ತೃವಿಗೇ ಸಲ್ಲುವುದು ಎಂಬುದು ಅವರ ವಾದ. ೨೦೦೨ರ ಏಪ್ರಿಲ್ ೨೫ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು: ಚಲನಚಿತ್ರಕ್ಕೆ ಸಮಾನವೆಂಬುದು ಸರಿ, ಆದರೆ ಒಮ್ಮೆ ನ್ಯಾಯವಾಗಿ ಮಾರಿದ ಪ್ರತಿಯ ಮೇಲೆ ಮಾರಿದವನ ಹಂಚಿಕೆಯ ಹಕ್ಕು ಅಲ್ಲಿಗೇ ತೀರಿತು. ಆ ತೀರ್ಪು ಬೇರೆಯಾಗಿದ್ದರೆ ಬೇಟೆಗಾರನ ಕಾಡೇ ಇರುತ್ತಿರಲಿಲ್ಲ.

ಬುಟ್ಟಿಯಲ್ಲಿ ಅತ್ಯಂತ ಅಗ್ಗವಾದ ಕ್ಯಾಸೆಟ್ಟುಗಳಿಗೆ ಅಂಗಡಿಯವರು ಒಂದು ಚೀಟಿ ಅಂಟಿಸಿರುತ್ತಾರೆ: ‘ಹೆಸರು ಬರೆದಿದೆ’. ಆಗಿನ ಮಕ್ಕಳು ಆಟಗಳನ್ನು ಒಬ್ಬರಿಗೊಬ್ಬರು ಎರವಲು ಕೊಡುತ್ತಿದ್ದರು. ಕಳೆದುಹೋಗದಿರಲೆಂದು ಬೆನ್ನಿನ ಮೇಲೆ ಅಳಿಯದ ಶಾಯಿಯಿಂದ ತಮ್ಮ ಹೆಸರನ್ನು ಬರೆಯುವರು. ಕೆಲವೆಡೆ ತಾಯಿಯ ಕೈಬರಹ, ಕೆಲವೆಡೆ ತರಗತಿಯ ಸಂಖ್ಯೆ. ವ್ಯಾಪಾರಿಯ ಕಣ್ಣಿಗೆ ಇದು ದೋಷ, ಬೆಲೆಯಲ್ಲಿ ಕಡಿತ. ಆದರೆ ಜಪಾನಿನಲ್ಲಿ ಒಬ್ಬರು ಬೇಕೆಂದೇ ಇಂಥ ಹೆಸರಿರುವ ಕ್ಯಾಸೆಟ್ಟುಗಳನ್ನು ಕೂಡಿಸಿ, ಜಾಲದಲ್ಲಿ ಸಂಗ್ರಹಾಲಯದಂತೆ ತೋರಿಸಿ, ಬರೆದವನು ಬಂದು ಇದು ನನ್ನದೆಂದು ಹೇಳಿದರೆ ಅವನಿಗೇ ಮರಳಿಸುವ ವ್ರತವನ್ನು ಹಿಡಿದಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಉದ್ಯಮ ಬೇರೊಂದಿಲ್ಲ.

ಹೊರಗಿನ ಹೆಸರಿಗಿಂತ ಸೂಕ್ಷ್ಮವಾದುದು ಒಳಗಿನ ಹೆಸರು. ೧೯೮೮ರ ಫೆಬ್ರವರಿ ೧೦ರಂದು ಹೊರಬಂದ ‘ಡ್ರಾಗನ್ ಕ್ವೆಸ್ಟ್’ ಮೂರನೆಯ ಭಾಗಕ್ಕೆ ಜಪಾನಿನ ಅಂಗಡಿಗಳ ಮುಂದೆ ಜನರು ಉದ್ದನೆಯ ಸಾಲುಗಟ್ಟಿದ್ದರು. ಅದರ ಹಿಂದಿನ ಎರಡು ಭಾಗಗಳಲ್ಲಿ ಆಟವನ್ನು ನಡುವೆ ನಿಲ್ಲಿಸಿದವನು ಉದ್ದವಾದ ಗುಪ್ತಾಕ್ಷರಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಮಾರನೆಯ ದಿನ ತಪ್ಪಿಲ್ಲದೆ ಒಪ್ಪಿಸಬೇಕಾಗಿತ್ತು. ಮೂರನೆಯದರಲ್ಲಿ ಕ್ಯಾಸೆಟ್ಟಿನ ಒಳಗೇ ನಾಣ್ಯದಾಕಾರದ ೩ ವೋಲ್ಟಿನ ಬ್ಯಾಟರಿಯೊಂದನ್ನಿಟ್ಟು, ಆಟದ ಸ್ಥಿತಿ ನೆನಪಿನಲ್ಲುಳಿಯುವಂತೆ ಮಾಡಿದರು. ‘ಸಾಹಸದ ಪುಸ್ತಕ’ ಎಂಬ ಹೆಸರಿನ ಮೂರು ಖಾತೆಗಳು. ಒಂದೊಂದಕ್ಕೆ ಜಪಾನೀ ಲಿಪಿಯ ನಾಲ್ಕಕ್ಷರಕ್ಕೆ ಮೀರದ ಹೆಸರು. ಮೂರಿದ್ದುದರಿಂದ ಅಣ್ಣ, ತಮ್ಮ, ತಂಗಿ ಒಂದೇ ಕ್ಯಾಸೆಟ್ಟಿನಲ್ಲಿ ಜಗಳವಿಲ್ಲದೆ ಆಡಬಹುದಾಗಿತ್ತು. ಅಥವಾ ಜಗಳವಾಡಿ ಒಬ್ಬರ ಪುಸ್ತಕವನ್ನೊಬ್ಬರು ಅಳಿಸಬಹುದಾಗಿತ್ತು. ನೆನಪು ಕೆಟ್ಟರೆ ಯಂತ್ರವು ಭಯಂಕರವಾದ ಸ್ವರವೊಂದನ್ನು ನುಡಿಸಿ, ಪುಸ್ತಕ ಅಳಿದುಹೋಯಿತೆಂದು ವಿಷಾದದಿಂದ ತಿಳಿಸುತ್ತಿತ್ತು. ಐವತ್ತರ ಹತ್ತಿರದ ಜಪಾನೀಯರು ಇಂದಿಗೂ ಆ ಸ್ವರವನ್ನು ಶಾಪವೆಂದೇ ನೆನೆಯುತ್ತಾರೆ.

ಚಿಪ್‌ನಲ್ಲಿ ಅಚ್ಚೊತ್ತಿದ ಆಟಕ್ಕೆ ಬ್ಯಾಟರಿಯ ಹಂಗಿಲ್ಲ. ಅದು ಇನ್ನೂ ಬಹುಕಾಲ ಬಾಳಬಹುದು. ಬ್ಯಾಟರಿಯನ್ನು ನೆಚ್ಚಿರುವುದು ಆಡಿದವನ ಗುರುತು ಮಾತ್ರ. ತಯಾರಕರು ಲೆಕ್ಕಹಾಕಿದುದಕ್ಕಿಂತ ಹೆಚ್ಚು ಕಾಲ ಅವುಗಳಲ್ಲಿ ಹಲವು ಉಳಿದಿವೆ. ೧೯೯೯ರ ಪೋಕೆಮಾನ್ ಆಟಗಳಲ್ಲಿ ಹಗಲು ರಾತ್ರಿಗಳನ್ನೆಣಿಸುವ ಗಡಿಯಾರವನ್ನೂ ಅದೇ ಬ್ಯಾಟರಿ ನಡೆಸಬೇಕಾದುದರಿಂದ ಅವು ಬೇಗನೆ ಬರಿದಾದುವು. ೧೯೮೮ರ ಕೆಲವು ಕ್ಯಾಸೆಟ್ಟುಗಳು ಮಾತ್ರ ೨೦೨೦ರ ದಶಕದಲ್ಲಿಯೂ ಉಸಿರಾಡುತ್ತಿದ್ದುವು. ಬೇಟೆಗಾರನು ಕೆಲವು ಯೆನ್ನುಗಳಿಗೆ ತಂದ ಹಳೆಯ ಡ್ರಾಗನ್ ಕ್ವೆಸ್ಟನ್ನು ಒರಸಿ, ಸಿಕ್ಕಿಸಿ, ಗುಂಡಿಯನ್ನೊತ್ತಿದಾಗ ಶಾಪದ ಸ್ವರವು ಕೇಳಿಬರದೆ ಪರದೆಯ ಮೇಲೆ ಅಪರಿಚಿತವಾದ ಹೆಸರೊಂದು ಮೂಡುವುದುಂಟು. ಯಾರೋ ಹುಡುಗ ಪರೀಕ್ಷೆಯ ಕಾರಣದಿಂದಲೋ, ಹೊಸ ಯಂತ್ರ ಬಂದುದರಿಂದಲೋ, ನಡುದಾರಿಯಲ್ಲಿ ಬಿಟ್ಟುಹೋದ ಪಯಣ. ಅವನ ನಾಯಕನೂ ಮೂವರು ಸಂಗಡಿಗರೂ ಮೂವತ್ತು ಚಿಲ್ಲರೆ ವರ್ಷಗಳಿಂದ ಅಪ್ಪಣೆಗಾಗಿ ಕಾದು ನಿಂತಿದ್ದಾರೆ. ಹರಾಜಿನ ಗಾಜಿನ ಪೆಟ್ಟಿಗೆಯೊಳಗಿನ ಯಾವ ಪ್ರತಿಯಲ್ಲಿಯೂ ಇದು ಇರಲಾರದು. ಪೇಟೆಯಲ್ಲಿ ಇದಕ್ಕೆ ಒಂದು ಕಾಸಿನ ಬೆಲೆಯೂ ಇಲ್ಲ.

ಇಲ್ಲಿ ಬೇಟೆಗಾರನಿಗೆ ಇಕ್ಕಟ್ಟು ಒದಗುತ್ತದೆ. ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಇಂದೋ ನಾಳೆಯೋ ಅದು ಸಾಯುವುದು, ಹುಡುಗನ ಪುಸ್ತಕವೂ ಅದರೊಡನೆ ಹೋಗುವುದು. ಹೊಸದನ್ನು ಹಾಕಲು ಹಳೆಯದರ ಬೆಸುಗೆಯನ್ನು ಬಿಡಿಸಿದ ಕ್ಷಣದಲ್ಲಿಯೂ ಹೋಗುವುದು. ಇದಕ್ಕೆ ಎರಡು ಉಪಾಯಗಳಿವೆ. ಬದಲಿಸುವಷ್ಟು ಹೊತ್ತು ಹೊರಗಿನಿಂದ ಬೇರೊಂದು ವಿದ್ಯುತ್ತನ್ನು ಜೋಡಿಸಿಟ್ಟುಕೊಳ್ಳುವುದು ಒಂದು. ಇದಕ್ಕೆ ನಡುಗದ ಕೈ ಬೇಕು. ಒಳಗಿನ ನೆನಪನ್ನು ಪುಟ್ಟ ಉಪಕರಣವೊಂದರಿಂದ ಕಂಪ್ಯೂಟರಿಗೆ ಪ್ರತಿಮಾಡಿಕೊಂಡು, ಹೊಸ ಬ್ಯಾಟರಿಯನ್ನು ಬೆಸೆದ ಮೇಲೆ ಮತ್ತೆ ಒಳಕ್ಕೆ ಬರೆಯುವುದು ಇನ್ನೊಂದು. ಮಾರಾಟಕ್ಕೆಂದೇ ಕೊಳ್ಳುವವನು ಇವೆರಡನ್ನೂ ಮಾಡುವುದಿಲ್ಲ. ‘ಬ್ಯಾಟರಿ ಹೊಸದು’ ಎಂದು ಬರೆದರೆ ನಾಲ್ಕು ಕಾಸು ಹೆಚ್ಚು ಬರುವುದು, ಹಳೆಯ ಹೆಸರು ಯಾರಿಗೆ ಬೇಕು? ಮಾಡುವವರೂ ಇದ್ದಾರೆ. ಅವರು ಒಂದು ಸಂಜೆಯೆಲ್ಲ ಭೂತಗನ್ನಡಿಯ ಕೆಳಗೆ ಕುಳಿತು ಅದನ್ನು ಬದಲಿಸಿ, ಕ್ಯಾಸೆಟ್ಟನ್ನು ಮುಚ್ಚಿ, ತಿರುಪು ಬಿಗಿದು, ಮೊದಲನೆಯ ಪುಸ್ತಕದಲ್ಲಿ ಆ ಹುಡುಗನನ್ನು ಅವನಿದ್ದಲ್ಲಿಯೇ ಬಿಟ್ಟು, ಮೂರನೆಯ ಪುಸ್ತಕದಲ್ಲಿ ತಮ್ಮ ಹೆಸರನ್ನು ನಾಲ್ಕಕ್ಷರಕ್ಕೆ ಮೊಟಕು ಮಾಡಿ ಬರೆದು, ಆಟವನ್ನು ಮೊದಲಿನಿಂದ ಆರಂಭಿಸುತ್ತಾರೆ.